ಜಾಮ್ ಆದ ಚಾವಿಗೆ ಬಲ ಬೇಡ

ಅಳಿಯಾ, ಭಾವ ನಿನಗೆ ಕೊಟ್ಟ ಡೈವರ್ ವಾಚಿನ ಚಾವಿ ಜಾಮ್ ಆಗಿದೆ, ಇಕ್ಕಳ ಹಾಕಿ ತಿರುಗಿಸಲೇ ಎಂದು ಕೇಳಿದ್ದೀಯ. ಮೊದಲು ಆ ಇಕ್ಕಳವನ್ನು ಒಳಗಿಡು. ಚಾವಿ ಪೂರ್ತಿ ಮುಚ್ಚಿಕೊಂಡೇ ಜಾಮ್ ಆಗಿದ್ದರೆ ವಾಚಿಗೆ ಇವತ್ತು ಅಪಾಯವೇನೂ ಇಲ್ಲ. ಅದು ಆಟೋಮ್ಯಾಟಿಕ್ ವಾಚು. ಕೈಗೆ ಕಟ್ಟಿಕೊಂಡು ಓಡಾಡಿದರೆ ಒಳಗಿನ ರೋಟರ್ ತಿರುಗಿ ಸ್ಪ್ರಿಂಗನ್ನು ತಾನೇ ಸುತ್ತುತ್ತದೆ. ತಾರೀಕು ಒಂದೆರಡು ದಿನ ಹಿಂದೆ ಬಿದ್ದರೆ ಬೀಳಲಿ.

ಅವಸರ ಮಾಡಬೇಕಾದದ್ದು ಚಾವಿ ಬಿಚ್ಚಿಕೊಂಡು, ಮತ್ತೆ ಕೂರದೆ ಹೋದಾಗ. ಆಗ ಸ್ನಾನ, ಈಜು, ಮಳೆ ಎಲ್ಲದರಿಂದಲೂ ವಾಚನ್ನು ದೂರವಿಡಬೇಕು. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಅಂದೇ ರಿಪೇರಿಯವರ ಕೈಗೆ ಕೊಡಬೇಕು. ಅಕ್ಕಿಯಲ್ಲಿ ಹೂತಿಡುವವರಿದ್ದಾರೆ, ಅದು ಬೇಡ. ಅಕ್ಕಿಯ ಹುಡಿ ತೆರೆದ ಸಂದಿಯೊಳಗೆ ಹೋಗುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕಡೆ, ಆಷಾಢದಲ್ಲಿ ವಾಚಿನ ಗಾಜಿನೊಳಗೆ ಮಂಜು ಕಟ್ಟಲು ಒಂದು ರಾತ್ರಿ ಸಾಕು.

ಈ ಚಾವಿಯ ಒಳಗಿನ ವ್ಯವಸ್ಥೆ ಗೊತ್ತಿದ್ದರೆ ಬೆರಳು ತಾನಾಗಿ ಹಗುರವಾಗುತ್ತದೆ. ಕೇಸಿನಿಂದ ಹೊರಗೆ ಒಂದು ಸಣ್ಣ ಟ್ಯೂಬ್ ಚಾಚಿಕೊಂಡಿರುತ್ತದೆ, ಅದಕ್ಕೆ ಪಿರಿ ಇರುತ್ತದೆ. ಚಾವಿಯ ಒಳಮೈಯಲ್ಲೂ ಪಿರಿ, ಜೊತೆಗೆ ರಬ್ಬರ್ ವಾಷರು ಮತ್ತು ಚಾವಿಯನ್ನು ಹೊರಕ್ಕೆ ದೂಡುವ ಸ್ಪ್ರಿಂಗ್. ತಿರುಗಿಸಿ ಬಿಗಿದಾಗ ವಾಷರು ಒತ್ತಿಕೊಂಡು ನೀರಿನ ದಾರಿ ಮುಚ್ಚುತ್ತದೆ. ರೋಲೆಕ್ಸ್ ಕಂಪೆನಿ 1926ರಲ್ಲಿ ಆಯ್‌ಸ್ಟರ್ ವಾಚು ತಂದದ್ದು ಇಂಥ ಚಾವಿಯ ಬಲದ ಮೇಲೆಯೇ. ಮರುವರ್ಷ ಅಕ್ಟೋಬರಿನಲ್ಲಿ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾರ್ತಿ ಅದನ್ನು ತೊಟ್ಟು ಇಂಗ್ಲಿಷ್ ಕಡಲ್ಗಾಲುವೆಗೆ ಇಳಿದಳು. ಹತ್ತು ಗಂಟೆಗೂ ಹೆಚ್ಚು ಹೊತ್ತು ಆ ಚಳಿನೀರಿನಲ್ಲಿದ್ದರೂ ವಾಚು ನಡೆಯುತ್ತಲೇ ಇತ್ತು. ಅಷ್ಟು ದೊಡ್ಡ ಕೆಲಸ ಮಾಡುವ ಪಿರಿ ಕೂದಲೆಳೆಯಷ್ಟು ಸಪೂರ. ಇಕ್ಕಳದ ಬಲಕ್ಕೆ ಅದು ನಿಲ್ಲುವುದಿಲ್ಲ. ಒಂದೋ ಪಿರಿ ಹಾಳಾಗುತ್ತದೆ, ಇಲ್ಲವೇ ಚಾವಿಯಿಂದ ಮಿಷಿನಿಗೆ ಹೋಗುವ ಸ್ಟೆಮ್ ಎಂಬ ಕಡ್ಡಿ ತುಂಡಾಗುತ್ತದೆ, ಅಥವಾ ಟ್ಯೂಬೇ ಚಾವಿಯ ಜೊತೆ ಕಳಚಿ ಬರುತ್ತದೆ.

ಜಾಮ್ ಆಗಲು ನಮ್ಮೂರಲ್ಲಿ ಮುಖ್ಯ ಕಾರಣ ಉಪ್ಪು. ಕಣ್ವತೀರ್ಥದ ಕಡಲಲ್ಲಿ ಈಜಿ, ಹಾಗೆಯೇ ಮನೆಗೆ ಬಂದು ವಾಚು ಕಳಚಿಟ್ಟರೆ ಪಿರಿಯ ಸಂದಿಯಲ್ಲಿ ನೀರು ಆರಿ ಉಪ್ಪು ಉಳಿಯುತ್ತದೆ. ಬೆವರು, ಸೋಪು, ಧೂಳು ಅದರ ಮೇಲೆ ಕೂರುತ್ತವೆ. ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕಿಲ್ಲ ಎಂದು ನಂಬಬೇಡ. ಅದನ್ನು ಕಾಯುವುದು ಮೈಮೇಲಿನ ಕ್ರೋಮಿಯಂ ಆಕ್ಸೈಡಿನ ತೆಳುಪದರ. ಗೀರು ಬಿದ್ದರೂ ಗಾಳಿ ತಾಗಿದರೆ ಆ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಗಾಳಿಯಾಡದ ಸಂದಿಯಲ್ಲಿ ಉಪ್ಪುನೀರು ನಿಂತರೆ ಕಟ್ಟಿಕೊಳ್ಳುವುದಿಲ್ಲ, ಸ್ಟೀಲು ಅಲ್ಲಿಂದಲೇ ತಿನ್ನಿಸಿಕೊಳ್ಳಲು ಶುರು.

ಇನ್ನೊಂದು ಕಾರಣ ನಮ್ಮ ತಲೆಮಾರಿನ ಅಭ್ಯಾಸ. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚುಗಳನ್ನು ಕಟ್ಟಿ ಬೆಳೆದವರು ನಾವು. ಜನತಾ, ಪೈಲಟ್ ವಾಚುಗಳ ಚಾವಿಗೆ ಪಿರಿಯ ತಂಟೆ ಇರಲಿಲ್ಲ. ದಿನಾ ಬೆಳಿಗ್ಗೆ ಚಾವಿ ಕೊಡದಿದ್ದರೆ ವಾಚು ನಿಲ್ಲುತ್ತಿತ್ತು. ಗಲ್ಫಿಗೆ ಹೋದವರು ಆ ಬೆರಳಿನ ಅಭ್ಯಾಸವನ್ನೂ ಜೊತೆಗೆ ಒಯ್ದರು. ಲಕ್ಷಗಟ್ಟಲೆ ಬೆಲೆಯ ಆಟೋಮ್ಯಾಟಿಕ್ ವಾಚು ಕೊಂಡ ಮೇಲೂ ದಿನಾ ಬಿಚ್ಚಿದರು, ತಿರುಗಿಸಿದರು, ಮತ್ತೆ ಬಿಗಿದರು. ವಾಚಿಗೆ ಅದು ಬೇಕಿರಲಿಲ್ಲ, ಪಿರಿ ಮಾತ್ರ ಸವೆಯಿತು. ಸವೆದ ಪಿರಿ ಒಂದು ದಿನ ಓರೆಯಾಗಿ ಕೂತು ಕಚ್ಚಿಕೊಳ್ಳುತ್ತದೆ. ರಿಪೇರಿಗೆ ಬರುವ ಗಲ್ಫ್ ವಾಚುಗಳಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ನೀನು ಮಾಡಬಹುದಾದದ್ದು ಇಷ್ಟೇ. ಮೆತ್ತನೆಯ ಹಲ್ಲುಜ್ಜುವ ಬ್ರಷ್ಷನ್ನು ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಅದ್ದಿ, ಕೊಡವಿ, ಚಾವಿಯ ಸುತ್ತ ಉಜ್ಜು. ವಾಚನ್ನು ಮುಳುಗಿಸಬೇಡ, ಒಳಗಿನ ವಾಷರಿನ ವಯಸ್ಸು ನಮಗೆ ಗೊತ್ತಿಲ್ಲ. ಒದ್ದೆ ಬಟ್ಟೆಯಿಂದ ಸೋಪು ಒರೆಸಿ ತೆಗೆ. ಉಪ್ಪು ಕರಗಲು ಹೊತ್ತು ಬೇಕು, ಮಾರನೆಯ ದಿನ ಇನ್ನೊಮ್ಮೆ ಉಜ್ಜು. ಆಮೇಲೆ ರಬ್ಬರ್ ಗ್ಲೌಸ್ ಹಾಕಿಕೊಂಡು ಚಾವಿಯನ್ನು ಕೇಸಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿ, ಒತ್ತಿದಂತೆಯೇ ನಿನ್ನ ಕಡೆಗೆ ನೋಡುವ ಚಾವಿಯನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ತಿರುಗಿಸು. ಈ ಒತ್ತುವುದರಲ್ಲಿಯೇ ಗುಟ್ಟಿದೆ. ಸ್ಪ್ರಿಂಗ್ ಹೊರಕ್ಕೆ ದೂಡುವುದರಿಂದ ಪಿರಿಯ ಮೇಲೆ ಬಿದ್ದಿರುವ ಭಾರ ಒತ್ತಿದಾಗ ಇಳಿಯುತ್ತದೆ. ಎರಡು ಬೆರಳಿನ ಬಲಕ್ಕೆ ಬಾರದಿದ್ದರೆ ಅಲ್ಲಿಗೆ ಬಿಡು. ತಿರುಗುತ್ತಲೇ ಇದ್ದು ಹೊರಗೆ ಬಾರದಿದ್ದರೂ ಬಿಡು, ಪಿರಿ ಹೋಗಿರಬಹುದು ಅಥವಾ ಟ್ಯೂಬೇ ಜೊತೆಗೆ ತಿರುಗುತ್ತಿರಬಹುದು.

ಬೈಕಿನ ಬೋಲ್ಟಿಗೆ ಹೊಡೆಯುವ ಸ್ಪ್ರೇ ಎಣ್ಣೆ ಖಂಡಿತ ಬೇಡ. ಅದು ವಾಷರನ್ನು ಹಾಳುಮಾಡುತ್ತದೆ, ಸಂದಿಯಿಂದ ಇಳಿದು ಮಿಷಿನಿನ ಎಣ್ಣೆಯನ್ನೂ ಕೆಡಿಸುತ್ತದೆ. ಹೇರ್ ಡ್ರೈಯರ್, ದೀಪದ ಬಿಸಿ ಕೂಡ ಬೇಡ. ಸ್ಟೆಮ್ ಮುರಿದು ಹಿತ್ತಾಳೆ ಚಾವಿಯೊಳಗೆ ಉಳಿದಾಗ ನಾವು ಹಳಬರು ಪಟಿಕದ ಬಿಸಿನೀರಿನಲ್ಲಿ ಇಟ್ಟು ಉಕ್ಕಿನ ತುಂಡನ್ನು ಕರಗಿಸುತ್ತೇವೆ. ಯಾರೋ ಹೇಳಿದರೆಂದು ಇಡೀ ವಾಚನ್ನು ಅದರಲ್ಲಿ ಮುಳುಗಿಸಲು ಹೋಗಬೇಡ.

ತಲಪಾಡಿ ದಾಟಿ ಮಂಗಳೂರಿನ ಸರ್ವಿಸ್ ಸೆಂಟರಿಗೆ ಕೊಡುವುದಾದರೆ ಚಾವಿ, ಟ್ಯೂಬ್ ಎರಡನ್ನೂ ಒಟ್ಟಿಗೆ ಬದಲಿಸಲು ಹೇಳು. ಸವೆದ ಟ್ಯೂಬಿಗೆ ಹೊಸ ಚಾವಿ ಹಾಕಿದರೆ ಹೊಸದೂ ಸವೆಯುತ್ತದೆ. ಕೆಲಸ ಮುಗಿದ ಮೇಲೆ ನೀರಿನ ಒತ್ತಡದ ಪರೀಕ್ಷೆ ಮಾಡಿಸು, ಹಳೆಯ ಬಿಡಿಭಾಗಗಳನ್ನು ಕೇಳಿ ತೆಗೆದುಕೋ.

ಮುಂದೆ ಚಾವಿ ಮುಚ್ಚುವಾಗಲೂ ಒಂದು ಕ್ರಮವಿದೆ. ಉಪ್ಪಿನಕಾಯಿ ಬಾಟಲಿಯ ಮುಚ್ಚಳವನ್ನು ನಿನ್ನ ಅಮ್ಮ ಹೇಗೆ ಹಾಕುತ್ತಾಳೆ ನೋಡು, ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಿ, ಪಿರಿ ಕೂತದ್ದು ಕೈಗೆ ತಿಳಿದ ಮೇಲೆ ಮುಂದಕ್ಕೆ. ಚಾವಿಗೂ ಹಾಗೆಯೇ, ತಡೆ ಸಿಕ್ಕಿದಲ್ಲಿ ನಿಲ್ಲಿಸು. ಕಡಲಿಗೆ ಹೋಗಿ ಬಂದ ದಿನ, ಚಾವಿ ಮುಚ್ಚಿದೆಯೇ ಎಂದು ನೋಡಿಕೊಂಡು ಬಾವಿನೀರಿನಲ್ಲಿ ತೊಳೆ. ಅದು ವಾಷರು ಬದಲಿಸಿ ಪರೀಕ್ಷೆ ಆದ ಮೇಲಿನ ಮಾತು.

ಎರಡು ದಿನ ಉಜ್ಜಿಯೂ ಬಾರದಿದ್ದರೆ ಭಾನುವಾರ ನನ್ನ ಹತ್ತಿರ ತಾ. ಬರುವ ಮೊದಲು ಭಾವನ ಹತ್ತಿರ ಕೇಳಿಕೋ, ಕೊನೆಯ ಸಲ ಬಿಚ್ಚಿದ್ದು ಯಾವಾಗ, ಆಗ ಸಲೀಸಾಗಿ ತಿರುಗುತ್ತಿತ್ತೋ, ತರತರ ಎನ್ನುತ್ತಿತ್ತೋ ಎಂದು. ಸಲೀಸಾಗಿದ್ದರೆ ಹಿಡಿದಿರುವುದು ಉಪ್ಪು, ಬಿಡಿಸಬಹುದು. ತರತರ ಎನ್ನುತ್ತಿದ್ದರೆ ಪಿರಿ ಆಗಲೇ ಹೋಗಿದೆ, ಹೊಸ ಟ್ಯೂಬಿಗೆ ದುಡ್ಡು ತೆಗೆದಿಡು.