ಲಸಿಕೆ ವಿನಾಯಿತಿಯ ಮೇಲ್ಮನವಿ: ಕ್ಯಾಲಿಫೋರ್ನಿಯದ ಕಡತಗಳು ಕಲಿಸಿದ್ದು

ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ ಶಾಲಾ ಲಸಿಕೆಯಿಂದ ಮಗುವಿಗೆ ಕೊಟ್ಟ ವೈದ್ಯಕೀಯ ವಿನಾಯಿತಿ ರದ್ದಾದಾಗ ಪೋಷಕರು ಸಲ್ಲಿಸುವ ಮೇಲ್ಮನವಿಯ ಫಲ, ಬಹುಮಟ್ಟಿಗೆ, ಆರಂಭದಲ್ಲಿ ವೈದ್ಯರು ತುಂಬಿಕೊಟ್ಟ ನಮೂನೆಯಲ್ಲೇ ಅಡಗಿರುತ್ತದೆ ಎಂಬುದು ಇಂಥ ಕಡತಗಳ ನಡುವೆ ಕೆಲಸ ಮಾಡಿದವರಿಗೆ ಬೇಗನೆ ಮನದಟ್ಟಾಗುವ ಸಂಗತಿ. ಪೋಷಕರ ಆತಂಕ ಎಷ್ಟೇ ಪ್ರಾಮಾಣಿಕವಾಗಿದ್ದರೂ ಅಲ್ಲಿ ತೂಗುವುದು ಮಗುವಿನ ದೇಹಸ್ಥಿತಿಯ ದಾಖಲೆಯನ್ನೇ ಹೊರತು ಆತಂಕವನ್ನಲ್ಲ.

ಈ ಬಿಗಿ ಒಮ್ಮೆಲೇ ಬಂದದ್ದಲ್ಲ. 2014ರ ಡಿಸೆಂಬರ್‌ನಲ್ಲಿ ಡಿಸ್ನಿಲ್ಯಾಂಡ್‌ನಿಂದ ಹಬ್ಬಿದ ದಡಾರದ ನಂತರ, 2015ರಲ್ಲಿ ಅಂಗೀಕಾರವಾದ 277ನೇ ಸೆನೆಟ್ ಮಸೂದೆ ವೈಯಕ್ತಿಕ ನಂಬಿಕೆಯ ಆಧಾರದ ವಿನಾಯಿತಿಯನ್ನು ತೆಗೆದುಹಾಕಿ ವೈದ್ಯಕೀಯ ಕಾರಣವನ್ನಷ್ಟೇ ಉಳಿಸಿತು. ಆಮೇಲೆ ಕಿಂಡರ್‌ಗಾರ್ಟನ್ ಸೇರುವ ಮಕ್ಕಳಲ್ಲಿ ವೈದ್ಯಕೀಯ ವಿನಾಯಿತಿಯ ಪ್ರಮಾಣ ಸುಮಾರು ಶೇ 0.2ರಿಂದ 2018-19ರ ಹೊತ್ತಿಗೆ ಶೇ 0.9ಕ್ಕೆ ಏರಿತು. ಮಕ್ಕಳ ದೇಹಸ್ಥಿತಿ ಮೂರ್ನಾಲ್ಕು ವರ್ಷಗಳಲ್ಲಿ ಅಷ್ಟೊಂದು ಬದಲಾಗುವುದು ಸಾಧ್ಯವಿರಲಿಲ್ಲ. ಬದಲಾದದ್ದು ಪತ್ರ ಬರೆದುಕೊಡುವ ಕೆಲವು ವೈದ್ಯರ ನಡವಳಿಕೆ. ಮಕ್ಕಳ ವೈದ್ಯರೂ ಸೆನೆಟರೂ ಆಗಿದ್ದ ರಿಚರ್ಡ್ ಪ್ಯಾನ್ ಮಂಡಿಸಿದ 276ನೇ ಮಸೂದೆ ಮತ್ತು ಅದರ ಜೊತೆಗಿನ 714ನೇ ಮಸೂದೆ 2019ರಲ್ಲಿ ಕಾನೂನಾಗಿ, 2021ರ ಜನವರಿಯಿಂದ ಹೊಸ ವಿನಾಯಿತಿಗಳೆಲ್ಲ ರಾಜ್ಯದ ಲಸಿಕಾ ನೋಂದಣಿ ವ್ಯವಸ್ಥೆಯ ಮೂಲಕವೇ ಹೋಗಬೇಕಾಯಿತು.

ಪರಿಶೀಲನೆಗೆ ಮುಖ್ಯವಾಗಿ ಒಳಗಾಗುವುದು ಶೇ 95ಕ್ಕಿಂತ ಕಡಿಮೆ ಮಕ್ಕಳು ಲಸಿಕೆ ಪಡೆದಿರುವ ಶಾಲೆಗಳು, ಲೆಕ್ಕ ಒಪ್ಪಿಸದ ಶಾಲೆಗಳು ಮತ್ತು ಒಂದೇ ವರ್ಷದಲ್ಲಿ ಐದು ಅಥವಾ ಹೆಚ್ಚು ವಿನಾಯಿತಿ ಕೊಟ್ಟ ವೈದ್ಯರು ಬರೆದ ಪತ್ರಗಳು. ಆರೋಗ್ಯ ಇಲಾಖೆಯ ತರಬೇತಿ ಪಡೆದ ಸಿಬ್ಬಂದಿ ಮೊದಲು ನೋಡಿ, ಮಾನದಂಡಕ್ಕೆ ಹೊಂದುವುದಿಲ್ಲವೆಂದು ಕಂಡದ್ದನ್ನು ರಾಜ್ಯದ ಆರೋಗ್ಯಾಧಿಕಾರಿಗೆ ಅಥವಾ ಅವರು ನೇಮಿಸಿದ ವೈದ್ಯರಿಗೆ ಕಳುಹಿಸುತ್ತಾರೆ. ರದ್ದುಮಾಡುವ ಅಧಿಕಾರ ಇರುವುದು ಅವರಿಗೆ. ರದ್ದಾದ 30 ದಿನಗಳೊಳಗೆ ಪೋಷಕರು ಮೇಲ್ಮನವಿ ಹಾಕಿದರೆ, ಅಂತಿಮ ತೀರ್ಮಾನ ಬರುವವರೆಗೆ ಮಗು ಶಾಲೆಗೆ ಹೋಗುತ್ತಲೇ ಇರಬಹುದು. ಮೇಲ್ಮನವಿಯನ್ನು ಕೇಳುವುದು ಮೂವರು ವೈದ್ಯರ ಸ್ವತಂತ್ರ ಸಮಿತಿ; ಅದರ ನಿರ್ಣಯವನ್ನು ರಾಜ್ಯದ ಆರೋಗ್ಯ ಮತ್ತು ಮಾನವ ಸೇವೆಗಳ ಕಾರ್ಯದರ್ಶಿ ಒಪ್ಪಲೇಬೇಕು. ರಾಜಕೀಯ ನೇಮಕದ ಅಧಿಕಾರಿಯ ಕೈಯನ್ನು ಹೀಗೆ ಕಟ್ಟಿಹಾಕಿರುವುದು ಈ ಕಾನೂನಿನ ಅತ್ಯಂತ ವಿವೇಕದ ಭಾಗ. ನ್ಯೂಯಾರ್ಕ್‌ನಲ್ಲಿ 2019ರ ಜೂನ್‌ವರೆಗೆ ಧಾರ್ಮಿಕ ವಿನಾಯಿತಿ ಇದ್ದಾಗ, ಒಂದು ಕುಟುಂಬದ ನಂಬಿಕೆ ನಿಜವಾದದ್ದೇ ಅಲ್ಲವೇ ಎಂದು ಶಾಲೆಯವರು ಅಳೆಯಬೇಕಾಗಿತ್ತು, ಅವರು ಒಪ್ಪದಿದ್ದರೆ ಪೋಷಕರು ಶಿಕ್ಷಣ ಆಯುಕ್ತರ ಮುಂದೆ ಹೋಗಬೇಕಾಗಿತ್ತು. ಯಾರೂ ನ್ಯಾಯವಾಗಿ ಉತ್ತರಿಸಲಾಗದ ಪ್ರಶ್ನೆ ಅದು.

ಸಮಿತಿಯ ಮುಂದಿರುವ ಪ್ರಶ್ನೆ ಮಾತ್ರ ಸ್ಪಷ್ಟ: ಈ ಮಗುವಿಗೆ ಈ ಲಸಿಕೆ ಅಪಾಯಕಾರಿಯೆನ್ನಲು ವೈದ್ಯಕೀಯ ಮಾರ್ಗಸೂಚಿಗಳಲ್ಲಿ ಅಥವಾ ಒಪ್ಪಿತ ಚಿಕಿತ್ಸಾಕ್ರಮದಲ್ಲಿ ಆಧಾರವಿದೆಯೇ? ರಕ್ತನಾಳಗಳ ಉರಿಯೂತವಾದ ಕವಾಸಾಕಿ ರೋಗಕ್ಕೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ರಕ್ತದಾನಿಗಳಿಂದ ಬಂದ ಪ್ರತಿಕಾಯಗಳ ದ್ರಾವಣ, ಪಡೆದ ಮಗುವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಆ ಪ್ರತಿಕಾಯಗಳು ದಡಾರ ಮತ್ತು ಸೀತಾಳೆ ಸಿಡುಬಿನ ಜೀವಂತ ಲಸಿಕೆಗಳು ನಾಟದಂತೆ ತಡೆಯುವುದರಿಂದ 11 ತಿಂಗಳು ಕಾಯಬೇಕೆಂಬುದು ನಿಯಮ. ಚಿಕಿತ್ಸೆಯ ದಿನಾಂಕ, ಕೊಟ್ಟ ಪ್ರಮಾಣ, ವಿನಾಯಿತಿ ಮುಗಿಯುವ ದಿನ, ಇವನ್ನು ಬರೆದು ಆ ಎರಡು ಲಸಿಕೆಗಳಿಗಷ್ಟೇ ತಾತ್ಕಾಲಿಕ ವಿನಾಯಿತಿ ಕೇಳಿದ ನಮೂನೆಯಲ್ಲಿ ತಪ್ಪು ಹುಡುಕಲು ಜಾಗವೇ ಇರುವುದಿಲ್ಲ. ಅದೇ ಮಗುವಿಗೆ ‘ರೋಗನಿರೋಧಕ ಶಕ್ತಿಯ ತೊಂದರೆ’ ಎಂದು ಒಂದೇ ಸಾಲು ಗೀಚಿ, ಧನುರ್ವಾಯು, ಪೋಲಿಯೊ ಸೇರಿದಂತೆ ಎಲ್ಲ ಲಸಿಕೆಗಳಿಗೂ ಶಾಶ್ವತ ವಿನಾಯಿತಿ ಕೊಟ್ಟರೆ, ನಿಜವಾದ ಕಾರಣವೂ ಸುಳ್ಳಿನಂತೆ ಕಾಣುತ್ತದೆ. ಮೊಟ್ಟೆಯ ಅಲರ್ಜಿ, ಮನೆಯಲ್ಲಿ ಇನ್ನಾರಿಗೋ ಇರುವ ಸಂಧಿವಾತ ಮುಂತಾದವು ದಡಾರದ ಲಸಿಕೆಯನ್ನು ತಡೆಯುವ ಕಾರಣಗಳಲ್ಲ; ಅವನ್ನೇ ನೆಚ್ಚಿದ ಮೇಲ್ಮನವಿಗೆ ಎಷ್ಟು ಪುಟ ಸೇರಿಸಿದರೂ ಬಲ ಬರುವುದಿಲ್ಲ.

ಕರ್ನಾಟಕದಿಂದ ಹೋಗಿ ನೆಲೆಸುವ ಕುಟುಂಬಗಳ ತೊಡಕು ಬೇರೆಯದು. ತಾಯಿ ಕಾರ್ಡಿನಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಿದ ದಡಾರ-ರುಬೆಲ್ಲಾ ಲಸಿಕೆ ನಮೂದಾಗಿರುತ್ತದೆ, ಆದರೆ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸನ್ನು ಕ್ಯಾಲಿಫೋರ್ನಿಯದ ಶಾಲೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಂಗನಬಾವು, ಸೀತಾಳೆ ಸಿಡುಬುಗಳ ಲಸಿಕೆ ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲಿ ಇಲ್ಲವೇ ಇಲ್ಲ. ‘ಊರಲ್ಲೇ ಎಲ್ಲ ಹಾಕಿಸಿದ್ದೇವಲ್ಲ’ ಎಂದು ನೊಂದುಕೊಂಡು ವಿನಾಯಿತಿ ಹುಡುಕಿ ಹೊರಡುವ ತಂದೆತಾಯಿಗೆ ಬೇಕಾಗಿರುವುದು ವಿನಾಯಿತಿಯಲ್ಲ, ಬಾಕಿ ಡೋಸುಗಳ ವೇಳಾಪಟ್ಟಿ ಮತ್ತು ಅದು ಮುಗಿಯುವವರೆಗಿನ ಷರತ್ತಿನ ಪ್ರವೇಶ.

ವ್ಯವಸ್ಥೆಯಲ್ಲಿ ಒಂದು ನೋವಿನ ಅಂಶ ಉಳಿದೇ ಇದೆ. ಮುಖ್ಯ ಸಾಕ್ಷ್ಯವನ್ನು ಬರೆಯುವವರು ವೈದ್ಯರು, ಅದು ಅರೆಬರೆಯಾಗಿದ್ದರೆ ಅನುಭವಿಸುವುದು ಕುಟುಂಬ. ತಜ್ಞರ ಭೇಟಿಗೇ ವಾರಗಟ್ಟಲೆ ಕಾಯಬೇಕಾದಲ್ಲಿ 30 ದಿನ ದೊಡ್ಡ ಅವಧಿಯಲ್ಲ. ಸಮಿತಿ ವೈದ್ಯರನ್ನೂ ಪೋಷಕರನ್ನೂ ಸಂಪರ್ಕಿಸಲು ಅವಕಾಶವಿರುವುದರಿಂದ, ಅರ್ಜಿಯನ್ನು ಗಡುವಿನೊಳಗೆ ಸಲ್ಲಿಸಿ, ಯಾವ ತಜ್ಞರ ವರದಿ ಯಾವ ದಿನ ಬರಲಿದೆ ಎಂದು ಅದರಲ್ಲೇ ತಿಳಿಸುವುದು ವಿವೇಕ. ಮೇಲ್ಮನವಿ ತಳ್ಳಿಹೋದರೆ ಆಡಳಿತದೊಳಗೆ ಇನ್ನೊಂದು ಮೆಟ್ಟಿಲಿಲ್ಲ, ಉಳಿಯುವುದು ನ್ಯಾಯಾಲಯ. ಕಿಂಡರ್‌ಗಾರ್ಟನ್‌ನಿಂದ ಆರನೇ ತರಗತಿಯೊಳಗಿನ ಮಗುವಿಗೆ ಗೆದ್ದ ವಿನಾಯಿತಿಯೂ ಏಳನೇ ತರಗತಿ ಸೇರುವವರೆಗಷ್ಟೇ ನಡೆಯುತ್ತದೆ; ರಕ್ತದ ಕ್ಯಾನ್ಸರ್‌ಗೆ ಇನ್ನೂ ಚಿಕಿತ್ಸೆ ಪಡೆಯುತ್ತಿರುವ ಮಗು ಆ ತರಗತಿಗೆ ಸೇರುವಾಗ ವೈದ್ಯರು ಮತ್ತೆ ಹೊಸ ನಮೂನೆ ತುಂಬಬೇಕು.