ತಲೆಸ್ನಾನದ ಮಾತ್ರೆಯನ್ನೂ ಡಾಕ್ಟರಿಗೆ ಹೇಳಿ

ಪ್ರಶ್ನೆ: ನನ್ನ ತಮ್ಮನಿಗೆ ಚಿಕ್ಕಂದಿನಿಂದ ತಲೆಗೆ ಬಿಸಿನೀರು ಹಾಕಿಕೊಂಡರೆ ಫಿಟ್ಸ್ ಬರುತ್ತದೆ. ದಿನಾ ಕಾರ್ಬಮಜೆಪಿನ್, ತಲೆಸ್ನಾನದ ದಿನ ಮಾತ್ರ ಕ್ಲೋಬಜಾಮ್ ತೆಗೆದುಕೊಳ್ಳುತ್ತಾನೆ. ಜೊತೆಗೆ ಖಿನ್ನತೆ ಇದೆ, ಯಾವ ಮಾತ್ರೆಗೂ ಬಗ್ಗಿಲ್ಲ. ಮನೋವೈದ್ಯರು ಈಗ ಕೆಟಮಿನ್ ಚಿಕಿತ್ಸೆ ಕೊಟ್ಟು ನೋಡೋಣ ಎನ್ನುತ್ತಿದ್ದಾರೆ. ಎರಡೂ ಒಟ್ಟಿಗೆ ಆಗುತ್ತದೆಯೇ? ಫಿಟ್ಸ್ ಮಾತ್ರೆ ಮೊದಲೇ ನಿಲ್ಲಿಸಬೇಕೆ?
— ಓದುಗರೊಬ್ಬರು, ಅಕ್ಕಿಹೆಬ್ಬಾಳು

ಉತ್ತರ: ನಿಲ್ಲಿಸಬೇಡಿ. ಎಷ್ಟೋ ವರ್ಷದಿಂದ ನುಂಗುತ್ತಿರುವ ಫಿಟ್ಸ್ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಒಂದರ ಮೇಲೊಂದು ಫಿಟ್ಸ್ ಬಂದು ಜೀವಕ್ಕೇ ಅಪಾಯವಾಗಬಹುದು. ಆ ಅಪಾಯ ಕೆಟಮಿನ್‌ನದಕ್ಕಿಂತ ದೊಡ್ಡದು.

ನಿಮ್ಮ ತಮ್ಮನಿಗಿರುವ ತೊಂದರೆ ನಮ್ಮ ಸೀಮೆಗೆ ಹೊಸದಲ್ಲ. ಬಿಸಿನೀರಿನ ಮೂರ್ಛೆಯ ಬಗ್ಗೆ ಮೊದಲ ವರದಿ 1945ರಲ್ಲಿ ನ್ಯೂಜಿಲೆಂಡಿನಿಂದ ಬಂತು. ಆದರೆ ಅದು ಹೆಚ್ಚಾಗಿ ಕಂಡದ್ದು ದಕ್ಷಿಣ ಕರ್ನಾಟಕದಲ್ಲಿ. ಬೆಂಗಳೂರಿನ ನರವೈದ್ಯ ಡಾ. ಕೆ. ಎಸ್. ಮಣಿ 1960ರ ದಶಕದಲ್ಲೇ ಇದರ ಬಗ್ಗೆ ಬರೆದರು. ಯಳಂದೂರಿನಲ್ಲಿ ಅವರ ತಂಡ ಮನೆಮನೆಗೆ ಹೋಗಿ ನೋಡಿದಾಗ ಲಕ್ಷಕ್ಕೆ 255 ಮಂದಿಯಲ್ಲಿ ಇದು ಸಿಕ್ಕಿತು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಹಂಡೆಯ ಸುಡುನೀರನ್ನು ಚೆಂಬಿನಲ್ಲಿ ಮೊಗೆದು ಒಂದೇ ಸಮನೆ ನೆತ್ತಿಗೆ ಸುರಿದುಕೊಳ್ಳುವ ನಮ್ಮ ಪದ್ಧತಿಯೇ ಇದನ್ನು ಕೆರಳಿಸುತ್ತದೆ. ಸ್ನಾನಕ್ಕೆ ಒಂದೂವರೆ-ಎರಡು ಗಂಟೆ ಮೊದಲು ಕ್ಲೋಬಜಾಮ್ ಕೊಡುವ ಕ್ರಮ ಬಂದದ್ದು ಅದಕ್ಕಾಗಿ.

ನನ್ನ ಮುಖ್ಯ ಕಾಳಜಿ ಈ ಕ್ಲೋಬಜಾಮ್ ಬಗ್ಗೆಯೇ. "ಯಾವ ಮಾತ್ರೆ ತಗೋತೀರಿ?" ಎಂದು ಡಾಕ್ಟರು ಕೇಳಿದರೆ ಜನ ದಿನದ ಮಾತ್ರೆ ಹೇಳುತ್ತಾರೆ, ವಾರಕ್ಕೊಮ್ಮೆ ನುಂಗುವುದನ್ನು ಮರೆಯುತ್ತಾರೆ. ಕ್ಲೋಬಜಾಮ್ ಬೆಂಜೋಡಯಜೆಪಿನ್ ಗುಂಪಿನದು. ಈ ಗುಂಪಿನ ಮಾತ್ರೆಗಳು ಖಿನ್ನತೆಯ ಮೇಲೆ ಕೆಟಮಿನ್ ಮಾಡುವ ಕೆಲಸವನ್ನು ಕುಗ್ಗಿಸಬಹುದು, ಜೊತೆಗೆ ಮಂಪರನ್ನೂ ಹೆಚ್ಚಿಸುತ್ತವೆ. ಅದು ದೇಹದಿಂದ ಬೇಗ ಹೋಗುವುದೂ ಇಲ್ಲ. ಮಾತ್ರೆಯ ಅರ್ಧ ಕರಗಲು ಸುಮಾರು ಒಂದೂವರೆ ದಿನ, ಅದರಿಂದ ಹುಟ್ಟುವ ಇನ್ನೊಂದು ರಾಸಾಯನಿಕದ ಅರ್ಧ ಹೋಗಲು ಮೂರು ದಿನ ಬೇಕು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಮಡಿಯಾಗಿ ತಲೆಗೆ ನೀರು ಹಾಕಿಕೊಂಡು ಹೊರಡುವವರು ನಮ್ಮಲ್ಲಿ ಬಹಳ. ಆ ಮಾತ್ರೆ ಮರುದಿನದ ಚಿಕಿತ್ಸೆಯ ಹೊತ್ತಿಗೂ ಮೈಯಲ್ಲಿ ಇದ್ದೇ ಇರುತ್ತದೆ. ಕೆಟಮಿನ್ ಕೊಡುವ ವಾರಗಳಲ್ಲಿ ತಲೆಸ್ನಾನವನ್ನು ಮುಂದೂಡುವುದೋ, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ತಲೆ ಒರೆಸಿಕೊಳ್ಳುವುದೋ ಎಂದು ನರವೈದ್ಯರನ್ನು ಕೇಳಿ ಗೊತ್ತು ಮಾಡಿಕೊಳ್ಳಿ. ಕ್ಲೋಬಜಾಮನ್ನು ದಿನಾ ನುಂಗುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅವರು ತಾವಾಗಿ ಒಂದು ಹೊತ್ತಿನದನ್ನೂ ಬಿಡಕೂಡದು.

ಇನ್ನು ದಿನದ ಫಿಟ್ಸ್ ಮಾತ್ರೆಗಳಲ್ಲಿ ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಈ ಮೂರೂ ಲಿವರಿನ ಕಿಣ್ವಗಳನ್ನು ಚುರುಕು ಮಾಡುವುದರಿಂದ ಕೆಟಮಿನ್ ಬೇಗ ಕರಗುತ್ತದೆ. ಬಾಯಿಯ ಮೂಲಕ ಕೊಟ್ಟರೆ ಈ ನಷ್ಟ ಹೆಚ್ಚು, ಡ್ರಿಪ್‌ನಲ್ಲಿ ಕಡಿಮೆ. ಲೆವೆಟಿರಾಸಿಟಮ್‌ಗೆ ಈ ರಗಳೆಯಿಲ್ಲ. ಆದರೆ ಅದೂ ಫಿನೋಬಾರ್ಬಿಟೋನೂ ಕೆಲವರಲ್ಲಿ ತಾವೇ ಮನಸ್ಸನ್ನು ಕುಗ್ಗಿಸುತ್ತವೆ. ಅಂಥವರಿಗೆ ಕೆಟಮಿನ್‌ಗಿಂತ ಮೊದಲು ಫಿಟ್ಸ್ ಮಾತ್ರೆಯನ್ನೇ ಬದಲಿಸಬೇಕಾಗಬಹುದು.

ಕೆಟಮಿನ್‌ನಿಂದಲೇ ಫಿಟ್ಸ್ ಬಂದರೆ? ಈ ಭಯ ಸಹಜ. ಕೆಟಮಿನ್ ಮೂಲತಃ ಅರಿವಳಿಕೆಯ ಔಷಧಿ; ಖಿನ್ನತೆಗೆ ಕೊಡುವುದು ಆ ಪ್ರಮಾಣಕ್ಕಿಂತ ಬಹಳ ಕಡಿಮೆ: ಸಾಮಾನ್ಯವಾಗಿ ಕೆ.ಜಿ. ತೂಕಕ್ಕೆ ಅರ್ಧ ಮಿಲಿಗ್ರಾಮ್, 40 ನಿಮಿಷದ ಡ್ರಿಪ್. ನಿಲ್ಲದ ಫಿಟ್ಸ್‌ಗೆ ಬೇರೆಲ್ಲ ಔಷಧಿ ಸೋತಾಗ ಐ.ಸಿ.ಯು.ನಲ್ಲಿ ಕೆಟಮಿನ್ನನ್ನೇ ಕೊಡುವುದುಂಟು. ಫಿಟ್ಸ್ ಎಳೆದಷ್ಟೂ ನರಕೋಶದ ಮೇಲೆ ಅದನ್ನು ಕೆರಳಿಸುವ ಎನ್‌ಎಂಡಿಎ ಎಂಬ ಗ್ರಾಹಕಗಳು ಹೆಚ್ಚುತ್ತವೆ; ಕೆಟಮಿನ್ ತಡೆಯುವುದು ಅವನ್ನೇ. ಹಾಗೆಂದು ಎಚ್ಚರ ಬಿಡುವಂತಿಲ್ಲ. ಖಿನ್ನತೆಗೆ ಕೆಟಮಿನ್ ಕೊಟ್ಟು ನಡೆಸಿದ ಅನೇಕ ಪ್ರಯೋಗಗಳು ಫಿಟ್ಸ್ ಇರುವವರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಬಿ.ಪಿ., ಉಸಿರು ನೋಡಿಕೊಳ್ಳುವ ಮಾನಿಟರ್, ಆಮ್ಲಜನಕ, ಅರಿವಳಿಕೆ ತಜ್ಞರು ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಯಾರೋ ಮನೆಗೆ ತಂದು ಕೊಡುತ್ತೇವೆಂದರೆ ಒಪ್ಪಬೇಡಿ.

ಹೊರಡುವ ದಿನ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಂದು ಚೀಲಕ್ಕೆ ಹಾಕಿಕೊಳ್ಳಿ. ಹೊಟ್ಟೆ ಖಾಲಿ ಇರಬೇಕು ಎಂದಿದ್ದರೆ ಬೆಳಗಿನ ಫಿಟ್ಸ್ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಬಹುದೇ ಎಂದು ಹಿಂದಿನ ದಿನವೇ ಕೇಳಿ. ಸಾಮಾನ್ಯವಾಗಿ ನುಂಗಿ ಎನ್ನುತ್ತಾರೆ. ಮನೋವೈದ್ಯರೂ ನರವೈದ್ಯರೂ ಒಮ್ಮೆ ಫೋನಿನಲ್ಲಾದರೂ ಮಾತಾಡಲಿ ಎಂದು ಸಂಕೋಚವಿಲ್ಲದೆ ಕೇಳಿಕೊಳ್ಳಿ. ವಾಪಸು ಬರುವಾಗ ನಿಮ್ಮ ತಮ್ಮ ಬೈಕ್ ಮುಟ್ಟುವುದು ಬೇಡ. ನೀವೇ ಜೊತೆಗಿದ್ದು ರೈಲಿನಲ್ಲಿ ಕರೆತನ್ನಿ. ಫಿಟ್ಸ್ ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಚಿಕಿತ್ಸೆಯ ದಿನ ಬರುವುದರೊಳಗೆ ನಿಮ್ಮ ತಮ್ಮ ಸಾಯುವ ಮಾತಾಡಿದರೆ ಕಾಯಬೇಡಿ. ಟೆಲಿ ಮಾನಸ್ 14416ರಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ.