ಮನೆಯ ಮುಂದಿನ ದಾರಿಯಂಚು: ಆರೈಕೆ ನಮ್ಮದು, ಒಡೆತನ ಎಲ್ಲರದು

ಉದ್ದೇಶಗಳು
1. ಮನೆಯವರ ಹೊಣೆ ಮತ್ತು ಸ್ಥಳೀಯ ಸಂಸ್ಥೆಯ ಹೊಣೆಗಳನ್ನು ವಿದ್ಯಾರ್ಥಿಗಳು ಪ್ರತ್ಯೇಕಿಸಿ ಹೇಳುವರು.
2. ಕಿತ್ತುಹಾಕಬೇಕಾದ ಕಳೆಯನ್ನೂ ಉಳಿಸಬೇಕಾದ ಹುಲ್ಲನ್ನೂ ಗುರುತಿಸುವರು.

ವಿಷಯ ನಿರೂಪಣೆ
ಬೆಳಗ್ಗೆ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಇಡುವುದು ಪೆನುಕೊಂಡ ಸೀಮೆಯ ಕನ್ನಡ, ತೆಲುಗು ಮನೆಗಳೆರಡರಲ್ಲಿಯೂ ನಡೆದುಬಂದ ರೂಢಿ. ರಂಗೋಲಿ ಬೀಳುವ ನೆಲ ಅನೇಕ ವೇಳೆ ಮನೆಯವರದಲ್ಲ, ಬೀದಿಯದು. ತನ್ನದಲ್ಲದ ನೆಲವನ್ನು ತನ್ನದೆಂಬಂತೆ ನೋಡಿಕೊಳ್ಳುವ ಈ ರೂಢಿಯೇ ಪಾಠದ ತಿರುಳು. ಆದರೆ ರಂಗೋಲಿ ಮುಗಿದಲ್ಲಿಗೆ ಆರೈಕೆಯೂ ಮುಗಿಯುತ್ತದೆ. ಅದರಾಚೆಯ ಚರಂಡಿ ಹಾಗೂ ರಸ್ತೆಯಂಚು ಯಾರಿಗೂ ಸೇರದ ಜಾಗವಾಗಿಬಿಡುತ್ತವೆ.

ರಸ್ತೆ ಮತ್ತು ಚರಂಡಿಗಳ ನಿರ್ವಹಣೆ ಪಂಚಾಯಿತಿ ಅಥವಾ ಪುರಾಡಳಿತದ ಕರ್ತವ್ಯ. ಆದರೂ ಮನೆಯವರ ಪಾಲು ಇದ್ದೇ ಇದೆ. ಬೀದಿಗೆ, ಚರಂಡಿಗೆ ಕಸ ಎಸೆಯುವುದನ್ನೂ ಸುಡುವುದನ್ನೂ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ನಿಷೇಧಿಸಿದವು. ತೋಟದ ಕಸವನ್ನು ಮನೆಯ ಆವರಣದಲ್ಲಿಯೇ ಬೇರೆಯಾಗಿ ಇಟ್ಟುಕೊಳ್ಳಬೇಕೆಂದವು. ಪರಿಸರವನ್ನೂ ಸಾರ್ವಜನಿಕ ಆಸ್ತಿಯನ್ನೂ ಕಾಪಾಡುವುದು ಸಂವಿಧಾನದ 51ಎ ವಿಧಿಯಲ್ಲಿ ಹೇಳಿರುವ ಮೂಲಭೂತ ಕರ್ತವ್ಯ.

ವಾಹನ ಏರಿಸಲು ಚರಂಡಿಯ ಮೇಲೆ ಹಾಕುವ ಇಳಿಜಾರು ಕಟ್ಟೆ, ಚಪ್ಪಡಿಗಳನ್ನು ವಿಶೇಷವಾಗಿ ಗಮನಿಸಬೇಕು. ಒಂದು ಮನೆಯ ಕಟ್ಟೆ ನೀರಿಗೆ ಅಡ್ಡವಾದರೆ ಅದರ ಫಲವನ್ನು ಮೇಲಿನ ಮನೆಯವರು ಉಣ್ಣಬೇಕಾಗುತ್ತದೆ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಸುಮಾರು ಒಂದು ವಾರದಿಂದ ಹತ್ತು ದಿನಗಳಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಆದುದರಿಂದ ಚಪ್ಪಡಿಯ ಅಡಿಯನ್ನು ವಾರಕ್ಕೊಮ್ಮೆ ನೋಡುವುದು ಅಗತ್ಯ. ರಸ್ತೆಯಂಚಿಗೆ ಬೇಲಿ ಹಾಕುವುದು ಆರೈಕೆಯಲ್ಲ, ಒತ್ತುವರಿ.

ಯಾವುದನ್ನು ಕೀಳಬೇಕು?
ಕನ್ನಡದಲ್ಲಿ ಕಾಂಗ್ರೆಸ್ ಗಿಡ, ತೆಲುಗಿನಲ್ಲಿ ವಯ್ಯಾರಿಭಾಮ ಎನಿಸಿಕೊಂಡ ಪಾರ್ಥೇನಿಯಂ ರಸ್ತೆಯಂಚಿನ ಮುಖ್ಯ ಶತ್ರು. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಸೋಂಕಿದರೆ ಚರ್ಮದ ತುರಿಕೆ, ಪರಾಗದಿಂದ ಉಬ್ಬಸ ಬರಬಹುದು. ಕರ್ನಾಟಕ ಸರ್ಕಾರವು 1975ರಲ್ಲಿಯೇ ಇದನ್ನು ಹಾನಿಕರ ಕಳೆಯೆಂದು ಘೋಷಿಸಿತು. 1984ರಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಆದರೂ ಕಳೆ ಅಳಿಯಲಿಲ್ಲ. ಒಬ್ಬರು ಕಿತ್ತು ನೆರೆಯವರು ಬಿಟ್ಟರೆ ಬೀಜ ಮರಳಿ ಬರುತ್ತದೆ. ಹೊಣೆ ಬೀದಿಯವರೆಲ್ಲರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಮಳೆಯಿಂದ ಮಣ್ಣು ಮೆತ್ತಗಾದಾಗ, ಹೂವಾಗುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು.

ಎಲ್ಲ ಹಸುರನ್ನೂ ಕೆತ್ತಿ ನೆಲವನ್ನು ಬೋಳಾಗಿಸುವುದು ಸಲ್ಲದು. ಗರಿಕೆಯ ಬೇರು ರಸ್ತೆಯಂಚಿನ ಮಣ್ಣನ್ನು ಹಿಡಿದಿಡುತ್ತದೆ. ಬೋಳು ನೆಲದಲ್ಲಿ ಪಾರ್ಥೇನಿಯಂ ಬಲುಬೇಗ ಬೇರೂರುತ್ತದೆ. ತಗಚೆಯಂತಹ ಗಿಡಗಳು ದಟ್ಟವಾಗಿ ಬೆಳೆದಲ್ಲಿ ಅದಕ್ಕೆ ಎಡೆ ಸಿಗುವುದಿಲ್ಲ.

ಚಟುವಟಿಕೆ
ವಿದ್ಯಾರ್ಥಿಗಳು ತಮ್ಮ ಬೀದಿಯ ನಕ್ಷೆ ಬರೆದು ಚರಂಡಿ, ಚಪ್ಪಡಿ, ನಿಂತ ನೀರು, ಕಳೆಗಳನ್ನು ಗುರುತಿಸಲಿ. ಗಿಡಗಳ ಕನ್ನಡ, ತೆಲುಗು ಹೆಸರುಗಳನ್ನು ಹಿರಿಯರಿಂದ ಕೇಳಿ ಪಟ್ಟಿ ಮಾಡಲಿ. ಬಳಿಕ ಸ್ಥಳೀಯ ಸಂಸ್ಥೆಗೆ ಒಂದು ಮನವಿಪತ್ರವನ್ನು ಎರಡೂ ಭಾಷೆಗಳಲ್ಲಿ ರಚಿಸಲಿ.

ಶಿಕ್ಷಕರಿಗೆ ಸೂಚನೆ
ಮಕ್ಕಳು ವೀಕ್ಷಕರು, ಕೆಲಸಗಾರರಲ್ಲ. ಅವರಿಂದ ಕಳೆ ಕೀಳಿಸುವುದಾಗಲಿ ಚರಂಡಿಗೆ ಇಳಿಸುವುದಾಗಲಿ ಕೂಡದು. ನಕ್ಷೆಯಲ್ಲಿ ಮನೆಯವರ ಹೆಸರು ಬೇಡ. ಕಸದ ಗಾಡಿ ಬಾರದ ಕೇರಿಯ ಮಗು ತರಗತಿಯಲ್ಲಿ ತಲೆತಗ್ಗಿಸುವಂತಾದರೆ ಪಾಠ ಸೋತಂತೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಸ್ಥಳೀಯ ಸಂಸ್ಥೆಯನ್ನು ಕುರಿತದ್ದು. ಅಂಗಳ ಗುಡಿಸುವುದು ಹೆಣ್ಣುಮಕ್ಕಳ ಕೆಲಸವೆಂಬ ಭಾವನೆಯನ್ನೂ ಚರ್ಚೆಗೆ ತರಬೇಕು.

ಮೌಲ್ಯಮಾಪನ
1. ಆರೈಕೆಗೂ ಒತ್ತುವರಿಗೂ ಇರುವ ವ್ಯತ್ಯಾಸವೇನು?
2. ಪಾರ್ಥೇನಿಯಂ ಅನ್ನು ಹೂವಾಗುವ ಮೊದಲೇ ಏಕೆ ಕೀಳಬೇಕು?
3. ನಿಮ್ಮ ಬೀದಿಯ ಒಂದು ತೊಂದರೆಯಲ್ಲಿ ಮನೆಯವರ ಪಾಲೆಷ್ಟು, ಸ್ಥಳೀಯ ಸಂಸ್ಥೆಯ ಪಾಲೆಷ್ಟು? ಕಾರಣಸಹಿತ ಬರೆಯಿರಿ.